ಕೈಯಾಡಿಸಿದ ಕಡೆಯೇ ಹುಡುಕಿ

ಶುಕ್ರವಾರ ಸಂಜೆ ಕಾರು ತಾನೇ ಓಡಿಕೊಂಡು ಬಂದು ಮನೆ ಮುಂದೆ ನಿಂತಿದೆ. ಶನಿವಾರ ಬಾನೆಟ್ ಎತ್ತಿ ಎಂಜಿನ್ ಬಿಚ್ಚಿದ್ದಾಯಿತು, ಹೋಗಿದ್ದ ಗ್ಯಾಸ್ಕೆಟ್ ತೆಗೆದು ಹೊಸದನ್ನು ಕೂರಿಸಿದ್ದಾಯಿತು, ಬೋಲ್ಟುಗಳನ್ನೆಲ್ಲ ಬಿಗಿದಿದ್ದಾಯಿತು. ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ನೋಡುತ್ತಿರುವಾಗ ಕೀ ತಿರುಗಿಸಿದರೆ ಗರಗರ ಎನ್ನುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ.

ಮನೆಯಲ್ಲೇ ಎಂಜಿನ್ ಕೆಲಸಕ್ಕೆ ಕೈ ಹಾಕಿದ ಬಹಳ ಮಂದಿಗೆ ಈ ಗಳಿಗೆ ಗೊತ್ತು. ಆಗ ಮನಸ್ಸು ದೂರದೂರಕ್ಕೆ ಹೋಗುತ್ತದೆ. ಕಾಯಿಲ್ ಸುಟ್ಟಿರಬೇಕು, ಪೆಟ್ರೋಲ್ ಪಂಪ್ ಹೋಗಿರಬೇಕು, ಬ್ಯಾಟರಿ ಹಳೆಯದಾಗಿರಬೇಕು ಎಂದುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡುತ್ತೇವೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ ಹೋಗಿ ಒಂದೊಂದೇ ಸಾಮಾನು ತಂದು ಬದಲಿಸುತ್ತಾ ಹೋಗುತ್ತೇವೆ. ಸಾವಿರಗಟ್ಟಲೆ ಖರ್ಚಾದರೂ ಕಾರು ನಿಂತಲ್ಲೇ ಇರುತ್ತದೆ.

ಹೆದ್ದಾರಿಯಲ್ಲಿ ಓಡುತ್ತಾ ಓಡುತ್ತಾ ನಿಂತ ಕಾರಿನ ವಿಷಯ ಬೇರೆ. ಅಲ್ಲಿ ಯಾವ ಭಾಗ ಬೇಕಾದರೂ ಕೆಟ್ಟಿರಬಹುದು. ರಿಪೇರಿಗೆ ಮೊದಲು ಸ್ಟಾರ್ಟ್ ಆಗುತ್ತಿದ್ದು, ಜೋಡಿಸಿದ ಮೇಲೆ ಆಗದ ಕಾರಿನಲ್ಲಿ ಹೊಸ ಕಾಯಿಲೆ ಹುಟ್ಟಿರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ಕೈಯಾಡಿದ ಜಾಗದಲ್ಲೇ ಏನೋ ಬಿಟ್ಟುಹೋಗಿದೆ, ಅದಲುಬದಲಾಗಿದೆ, ಇಲ್ಲವೇ ಅರ್ಧ ಕೂತಿದೆ. ಅನುಭವಿ ಮೆಕ್ಯಾನಿಕ್‌ಗಳು ಇಂಥ ಕಾರಿನ ಹತ್ತಿರ ಬಂದರೆ ಸ್ಪ್ಯಾನರ್ ಮುಟ್ಟುವುದಕ್ಕೂ ಮೊದಲು ‘ಏನೇನು ಬಿಚ್ಚಿದ್ರಿ ಸಾರ್?’ ಎಂದು ಕೇಳುವುದು ಇದಕ್ಕೇ. ಅರ್ಧ ಪತ್ತೆದಾರಿಕೆ ಆ ಉತ್ತರದಲ್ಲೇ ಮುಗಿಯುತ್ತದೆ.

ಇಲ್ಲಿ ಮಾರುತಿ 800 ಅನ್ನೇ ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಈ ಕಾರು ನಮ್ಮ ಊರುಗಳಲ್ಲಿ ಇನ್ನೂ ಬೇಕಾದಷ್ಟಿದೆ. ಅಜ್ಜನ ಕಾಲದ ಕಾರನ್ನು ಮೊಮ್ಮಕ್ಕಳು ಶೆಡ್ಡಿನಿಂದ ಹೊರಗೆಳೆದು ಕೆಲಸ ಕಲಿಯುತ್ತಿದ್ದಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ. 796 ಸಿಸಿ, ಮೂರು ಸಿಲಿಂಡರ್, ಮೇಲೊಂದು ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸಲು ಒಂದು ಬೆಲ್ಟ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. 2000ದ ಸುಮಾರಿಗೆ ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ ವ್ಯವಸ್ಥೆ, ಬರುವವರೆಗೂ ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರ್‌ಗಳದ್ದೇ ರಾಜ್ಯ.

ಮೊದಲು ಕಿವಿಗೆ ಕೆಲಸ ಕೊಡಬೇಕು. ಕೀ ತಿರುಗಿಸಿದಾಗ ಸೆಲ್ಫ್ ಮೋಟರ್ ಎಂಜಿನ್ನನ್ನು ತಿರುಗಿಸುತ್ತಿದೆಯೇ, ಇಲ್ಲವೇ? ಇವೆರಡೂ ಬೇರೆಬೇರೆ ದಾರಿಗಳು. ಬರೀ ‘ಟಕ್’ ಎಂದು ಸುಮ್ಮನಾದರೆ, ಅಥವಾ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಟಕಟಕಟಕ ಎಂದರೆ ಪೆಟ್ರೋಲು, ಪ್ಲಗ್ಗು ಯಾವುದನ್ನೂ ನೋಡಬೇಕಾಗಿಲ್ಲ. ಗಲಾಟೆ ಇರುವುದು ಬ್ಯಾಟರಿಯಿಂದ ಸೆಲ್ಫ್‌ವರೆಗಿನ ದಾರಿಯಲ್ಲಿ. ತುಂಬಿದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.5ರ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಎಂದು ಅರ್ಥ. ಎರಡು ದಿನ ಬಾಗಿಲು ತೆರೆದಿಟ್ಟು, ಒಳಗಿನ ದೀಪ ಉರಿಸಿಕೊಂಡು ಕೆಲಸ ಮಾಡಿದವರ ಬ್ಯಾಟರಿ ಸೋಲುವುದು ಸಹಜ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ತಿರುಗದಿದ್ದರೆ ಹುಡುಕಬೇಕಾದದ್ದು ಅರ್ತ್ ಪಟ್ಟಿಯನ್ನು. ಎಂಜಿನ್ನು ಅಥವಾ ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ, ಹೆಣೆದ ತಾಮ್ರದ ಪಟ್ಟಿ ಅದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲಾದ್ದರಿಂದ ಕರೆಂಟ್ ವಾಪಸು ಬರಲು ಈ ಪಟ್ಟಿಯೇ ದಾರಿ. ಕೆಲಸ ಮಾಡುವಾಗ ಅಡ್ಡ ಬರುತ್ತದೆ ಎಂದು ಬಿಚ್ಚಿ ಪಕ್ಕಕ್ಕೆ ಸರಿಸುತ್ತೇವೆ. ಅದು ಎಂಜಿನ್ನಿನ ಹಿಂದೆ ಇಳಿಬಿದ್ದು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಸೆಲ್ಫ್ ಮೋಟರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವ ಯಂತ್ರ. ಸರಿಯಾದ ದಾರಿ ಸಿಗದಿದ್ದರೆ ಆ ಕರೆಂಟು ಎಂಜಿನ್ನಿಗೂ ಬಾಡಿಗೂ ನಡುವೆ ಸಿಕ್ಕ ಯಾವ ಲೋಹವನ್ನಾದರೂ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ ಹೊಗೆ ಬರುತ್ತದೆ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಗುತ್ತಿದ್ದರೆ ಅನುಮಾನವೇ ಬೇಡ, ಅರ್ತ್ ಇಲ್ಲ. ಪಟ್ಟಿ ಕಟ್ಟಿದ್ದರೂ ಅದರಡಿ ತುಕ್ಕು, ಬಣ್ಣ ಇದ್ದರೆ ಅದೇ ಕಥೆ. ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ ಬಿಗಿಯಬೇಕು.

ಈ ಸೆಲ್ಫ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬರುವವರೆಗೆ ಜನ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರಿಗೆ ಲೆಕ್ಕವಿಲ್ಲ. ಕಿಡಿ ಬೀಳಬೇಕಾದ ಗಳಿಗೆಗೆ ಬೀಳದಿದ್ದರೆ ಎಂಜಿನ್ ಎಷ್ಟು ಜೋರಾಗಿ ತಿರುಗಿಬೀಳಬಲ್ಲದು ಎಂದು ಅವರಿಗೆಲ್ಲ ಮೈಮೇಲೆ ಬಂದ ಪಾಠವಾಗಿತ್ತು. ಕೆಟರಿಂಗ್‌ನ ಸ್ಟಾರ್ಟರ್ ಬಂದ ಮೇಲೆ ಆ ಸಿಟ್ಟು ನಮ್ಮ ಕೈಗೆ ತಟ್ಟುವುದಿಲ್ಲ. ಆದರೂ ಒಂದೇ ಸಮನೆ ಸೆಲ್ಫ್ ಹೊಡೆಯಬಾರದು. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಇಲ್ಲದಿದ್ದರೆ ಸ್ಟಾರ್ಟ್ ಆಗದ ಕಾರಿನ ಜೊತೆ ಸುಟ್ಟ ಸೆಲ್ಫ್ ಮೋಟರೂ ಸೇರಿಕೊಳ್ಳುತ್ತದೆ.

ಇನ್ನು ಎರಡನೆಯ ದಾರಿ. ಸೆಲ್ಫ್ ಚೆನ್ನಾಗಿ ತಿರುಗಿಸುತ್ತಿದೆ, ಎಂಜಿನ್ ಹತ್ತಿಕೊಳ್ಳುತ್ತಿಲ್ಲ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದಾಗ ಏನು ಬೇಕಿತ್ತೋ ಇವತ್ತಿಗೂ ಅದೇ ಬೇಕು. ಗಾಳಿ ಬೆರೆತ ಇಂಧನ, ಅದನ್ನು ಅದುಮುವ ಕಂಪ್ರೆಷನ್, ಸರಿಯಾದ ಗಳಿಗೆಗೆ ಅದನ್ನು ಹೊತ್ತಿಸುವ ಉರಿ. ನಮ್ಮ ಕಾರಿನಲ್ಲಿ ಇಂಧನ ಪೆಟ್ರೋಲು, ಹೊತ್ತಿಸುವುದು ಕಿಡಿ. ಪೆಟ್ರೋಲು ಇಲ್ಲದಿದ್ದರೆ ಅಥವಾ ಕಿಡಿ ಇಲ್ಲದಿದ್ದರೆ ಎಂಜಿನ್ ಸುಮ್ಮನೆ ತಿರುಗುತ್ತದೆ, ಏನೂ ಹೇಳುವುದಿಲ್ಲ. ಎಲ್ಲವೂ ಇದ್ದು ಗಳಿಗೆ ಮಾತ್ರ ತಪ್ಪಿದ್ದರೆ ಕೆಮ್ಮುತ್ತದೆ, ಡಬ್ ಎನ್ನುತ್ತದೆ, ಒದೆಯುತ್ತದೆ. ಈ ಕೆಮ್ಮನ್ನು ಕೇಳಿಸಿಕೊಂಡವರು ದೊಡ್ಡ ಸುಳಿವನ್ನೇ ಹಿಡಿದಂತೆ.

ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಮನೆಯ ಹಳೇ ಕಾರ್ಬ್ಯುರೇಟರ್ 800ರ ಹೆಡ್ ಇಳಿಸಿ ಗ್ಯಾಸ್ಕೆಟ್ ಹಾಕಿದ. ಕೆಲಸ ಅಚ್ಚುಕಟ್ಟಾಗಿತ್ತು. ಹೆಡ್ಡನ್ನು ಲೇತ್ ಅಂಗಡಿಗೆ ಕೊಟ್ಟು ಫೇಸಿಂಗ್ ಮಾಡಿಸಿದ್ದ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಟಾರ್ಕ್ ರೆಂಚಿನಲ್ಲಿ ಬಿಗಿದಿದ್ದ. ಸ್ಟಾರ್ಟ್ ಮಾಡಿದರೆ ಕಾರ್ಬ್ಯುರೇಟರ್ ಬಾಯಿಂದ ‘ಬಫ್’ ಎಂದು ಗಾಳಿ ಉಗುಳುತ್ತದೆ, ಸ್ವಲ್ಪ ಬಿಟ್ಟು ಸೈಲೆನ್ಸರಿನಲ್ಲಿ ಡಬ್ ಎನ್ನುತ್ತದೆ. ಕೊನೆಗೆ ಬೀದಿ ಕೊನೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಬಂದರು. ನಾನೂ ನೋಡುತ್ತಾ ನಿಂತೆ.

‘ಏನೇನು ಬಿಚ್ಚಿದೆ ಹೇಳಪ್ಪ.’

‘ಹೆಡ್ ಇಳ್ಸಿದ್ದೆ ಅಣ್ಣ. ಬೆಲ್ಟ್ ಮಾರ್ಕ್ ನೋಡ್ಕೊಂಡೇ ಹಾಕಿದೀನಿ.’

‘ಪ್ಲಗ್ ವೈರಿಗೆ ಗುರುತು ಮಾಡ್ಕೊಂಡಿದ್ಯಾ?’

‘ಮೂರೇ ಅಲ್ವಾ ಅಣ್ಣ, ಸಾಲಾಗೇ ಹಾಕಿದೀನಿ.’

ಅವರು ಮಾತಾಡದೆ ಮೂರೂ ಪ್ಲಗ್ ಬಿಚ್ಚಿಸಿದರು. ಕಾರನ್ನು ಟಾಪ್ ಗೇರಿಗೆ ಹಾಕಿಸಿ, ಒಂದನೇ ಸಿಲಿಂಡರಿನ ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿಟ್ಟು, ಹಿಂದಿನಿಂದ ಮೆಲ್ಲಗೆ ತಳ್ಳಿ ಎಂದರು. ಚಕ್ರ ಉರುಳಿದಂತೆ ಎಂಜಿನ್ ತಿರುಗುತ್ತದೆ. ಒಂದು ಕಡೆ ಒಳಗಿನ ಗಾಳಿ ಹೆಬ್ಬೆರಳನ್ನು ಪುಸ್ಸೆಂದು ಎತ್ತಿತು. ಅಲ್ಲಿಂದ ಇಂಚಿಂಚೇ ತಳ್ಳಿಸಿ, ಪುಲ್ಲಿಯ ಗುರುತು ಎದುರುಬದುರಾದಾಗ ನಿಲ್ಲಿಸಿದರು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಒಳಗಿನ ರೋಟರ್ ಒಂದು ಮೊನೆಯ ಕಡೆ ಮುಖ ಮಾಡಿತ್ತು. ಆ ಮೊನೆಯ ವೈರು ಒಂದನೇ ಪ್ಲಗ್ಗಿಗೇ ಹೋಗಿತ್ತು, ಅಲ್ಲಿಗೆ ಸರಿ. ರೋಟರ್ ತಿರುಗುವ ದಿಕ್ಕಿನಲ್ಲಿ ಮುಂದಿನ ಮೊನೆ ಮೂರನೇ ಸಿಲಿಂಡರಿಗೆ ಹೋಗಬೇಕು, ಆಮೇಲಿನದು ಎರಡಕ್ಕೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-2. ಹುಡುಗ ಹಾಕಿದ್ದು 1-2-3. ಎರಡು ವೈರು ಕಿತ್ತು ಅದಲುಬದಲು ಮಾಡಿ, ಪ್ಲಗ್ ಹಾಕಿ ಕೀ ತಿರುಗಿಸಿದ್ದೇ ಎಂಜಿನ್ ಹಿಡಿದುಕೊಂಡಿತು.

ಅದು ಹಾಗೆ ಕೆಮ್ಮಿದ್ದು ಯಾಕೆ ಎಂದು ಯೋಚಿಸಿದರೆ ಎಂಜಿನ್ ಎಷ್ಟು ಕರಾರುವಾಕ್ಕಾಗಿ ಮಾತಾಡುತ್ತದೆ ಎಂದು ತಿಳಿಯುತ್ತದೆ. ಮೂರನೇ ಸಿಲಿಂಡರಿಗೆ ಬೇಕಾದ ಕಿಡಿ ಎರಡನೆಯದಕ್ಕೆ ಹೋದಾಗ ಅಲ್ಲಿ ಇನ್ನೂ ಗಾಳಿ-ಪೆಟ್ರೋಲು ಒಳಗೆಳೆಯುವ ಸ್ಟ್ರೋಕು ನಡೆದಿರುತ್ತದೆ, ಇನ್‌ಲೆಟ್ ವಾಲ್ವ್ ತೆರೆದಿರುತ್ತದೆ. ಹೊತ್ತಿಕೊಂಡ ಉರಿ ಬಂದ ದಾರಿಯಲ್ಲೇ ಹಿಂದಿರುಗಿ ಕಾರ್ಬ್ಯುರೇಟರ್ ಬಾಯಿಗೆ ಬರುತ್ತದೆ. ಎರಡನೆಯದರ ಕಿಡಿ ಮೂರನೆಯದಕ್ಕೆ ಬೀಳುವಾಗ ಅಲ್ಲಿ ಎಗ್ಸಾಸ್ಟ್ ಸ್ಟ್ರೋಕು. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಅಲ್ಲಿ ಸಿಡಿಯುತ್ತದೆ. ಅಂದರೆ ‘ಬಫ್’ ಮತ್ತು ‘ಡಬ್’ ಎರಡೂ ಸೇರಿ, ಇಂಥಿಂಥ ವೈರುಗಳು ಅದಲುಬದಲಾಗಿವೆ ಎಂದೇ ಹೇಳುತ್ತಿದ್ದವು.

ಹೆಬ್ಬೆರಳಿನ ಆ ಪರೀಕ್ಷೆಗೂ ಕಾರಣವಿದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ಹಾಗಾಗಿ ಒಂದನೇ ಪಿಸ್ಟನ್ ತುತ್ತತುದಿಗೆ ಎರಡು ಸಲ ಬರುತ್ತದೆ, ಒಮ್ಮೆ ಕಂಪ್ರೆಷನ್ನಿನಲ್ಲಿ, ಇನ್ನೊಮ್ಮೆ ಹೊಗೆ ಹೊರದಬ್ಬುವಾಗ. ಪುಲ್ಲಿಯ ಗುರುತು ಎರಡು ಸಲವೂ ಒಂದೇ ಥರ ಕಾಣುತ್ತದೆ. ಅದನ್ನಷ್ಟೇ ನಂಬಿ ಡಿಸ್ಟ್ರಿಬ್ಯೂಟರ್ ಇಳಿಸಿದವರಲ್ಲಿ ಅರ್ಧ ಮಂದಿಯ ಕಿಡಿ ಪೂರಾ ಒಂದು ಸುತ್ತು ಆಚೀಚೆಯಾಗಿರುತ್ತದೆ. ಹೆಬ್ಬೆರಳನ್ನು ಗಾಳಿ ಎತ್ತಿದರೆ ಮಾತ್ರ ಅದು ಕಂಪ್ರೆಷನ್.

ಟೈಮಿಂಗ್ ಬೆಲ್ಟ್ ಮುಟ್ಟಿದವರು ಇನ್ನಷ್ಟು ಹುಷಾರಾಗಿರಬೇಕು. ಒಂದು ಹಲ್ಲು ತಪ್ಪಿದರೆ ಎಂಜಿನ್ ಕಷ್ಟಪಟ್ಟು ಸ್ಟಾರ್ಟ್ ಆದೀತು, ಎಳೆತ ಮಾತ್ರ ಇರುವುದಿಲ್ಲ. ಎರಡು ಮೂರು ಹಲ್ಲು ತಪ್ಪಿದರೆ ಸ್ಟಾರ್ಟೇ ಆಗುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವೇ ಬಗ್ಗಿಹೋಗುತ್ತದೆ. ಬೆಲ್ಟ್ ಹಾಕುವಾಗ ಗುರುತುಗಳೆಲ್ಲ ಕೂಡಿರುತ್ತವೆ, ಟೆನ್ಷನರ್ ಬಿಗಿದಾಗ ಬೆಲ್ಟಿನ ಸಡಿಲವೆಲ್ಲ ಒಂದು ಕಡೆಗೆ ಎಳೆದುಕೊಂಡು ಕ್ಯಾಮ್ ಗೇರು ಸದ್ದಿಲ್ಲದೆ ಒಂದು ಹಲ್ಲು ಸರಿಯುತ್ತದೆ. ಅದಕ್ಕೆ ಮದ್ದು ಒಂದೇ. ಕೀ ಮುಟ್ಟುವ ಮೊದಲು ಪ್ಲಗ್ ಬಿಚ್ಚಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಪೂರ್ತಿ ಎರಡು ಸುತ್ತು ಕೈಯಿಂದ ತಿರುಗಿಸಿ ಗುರುತುಗಳನ್ನು ಮತ್ತೆ ನೋಡುವುದು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು, ಅಲ್ಲಿಗೇ ನಿಲ್ಲಿಸಬೇಕು. ವಾಲ್ವು ಪಿಸ್ಟನ್ನಿಗೆ ತಾಗುತ್ತಿರಬಹುದು. ಪ್ಲಗ್ ಹಾಕಿದ ಮೇಲೆ ತಿರುಗದೆ ಕಟ್ಟಿಕೊಂಡರೆ ಹೆಡ್ ಇಳಿಸುವಾಗ ಸಿಲಿಂಡರಿಗೆ ಇಳಿದ ನೀರು ಒಳಗೇ ನಿಂತಿರಬಹುದು. ನೀರು ಅದುಮಿಸಿಕೊಳ್ಳುವುದಿಲ್ಲ, ಸೆಲ್ಫಿನ ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೈಯಿಂದ ತಿರುಗಿಸುವ ಈ ಐದು ನಿಮಿಷವನ್ನು ಉಳಿಸಿಕೊಳ್ಳಲು ಹೋಗಿ ಇಡೀ ಎಂಜಿನ್ ಕಳೆದುಕೊಂಡವರಿದ್ದಾರೆ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಕೆಮ್ಮೂ ಇಲ್ಲ, ಒದೆತವೂ ಇಲ್ಲ, ಬರೀ ತಿರುಗುತ್ತಿದೆ ಎಂದರೆ ಕಿಡಿ ಇದೆಯೇ ನೋಡಬೇಕು. ಬಿಚ್ಚಿದ ಪ್ಲಗ್ಗನ್ನು ಅದರ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆಸಿದರೆ ನೀಲಿ ಕಿಡಿ ಟಕಟಕ ಹಾರಬೇಕು. ವೈರನ್ನು ಬರಿಗೈಯಲ್ಲಿ ಹಿಡಿಯಬಾರದು, ಸಾವಿರಾರು ವೋಲ್ಟ್ ಅದು. ಪ್ಲಗ್ ತೂತಿನಿಂದ ಪೆಟ್ರೋಲು ಚಿಮ್ಮುತ್ತಿದ್ದರೆ ಅದರ ಪಕ್ಕದಲ್ಲಿ ಕಿಡಿ ಹಾರಿಸುವುದು ಬೆಂಕಿಯನ್ನು ಕರೆದಂತೆ. ತೂತಿನಿಂದ ದೂರ ಇಟ್ಟು, ಗಾಳಿಯಾಡುವ ಜಾಗದಲ್ಲೇ ನೋಡಬೇಕು. ಕಿಡಿ ಬರದಿದ್ದರೆ ಕಾಯಿಲ್ ಕೊಳ್ಳಲು ಹೋಗುವ ಮೊದಲು ಕಾಯಿಲಿನ ಸಣ್ಣ ವೈರು ಸಿಕ್ಕಿಸಿದ್ದೀರಾ, ರೋಟರ್ ಒಳಗೆ ಹಾಕಿದ್ದೀರಾ ಎಂದು ನೋಡಿ. ಮುಚ್ಚಳ ತೊಳೆದು ಒಣಗಲು ಇಟ್ಟವರು ರೋಟರನ್ನು ಮೇಜಿನ ಮೇಲೇ ಬಿಟ್ಟಿರುತ್ತಾರೆ.

ಪೆಟ್ರೋಲಿನ ವಿಷಯ ಇಷ್ಟು ಕಷ್ಟದ್ದಲ್ಲ. ಬಿಚ್ಚಿ ಒಣಗಿಸಿಟ್ಟ ಕಾರ್ಬ್ಯುರೇಟರಿನ ಬಟ್ಟಲು ತುಂಬುವವರೆಗೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಲೇಬೇಕು, ಅದರಲ್ಲಿ ಗಾಬರಿಯಾಗುವಂಥದ್ದು ಏನಿಲ್ಲ. ಪಂಪಿಗೆ ಬರುವ ಮತ್ತು ಹೋಗುವ ಪೈಪುಗಳು ಅದಲುಬದಲಾಗಿದ್ದರೆ ಮಾತ್ರ ಎಷ್ಟು ಹೊಡೆದರೂ ಹನಿ ಬರುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ ಹೊಡೆದು ಹೊಡೆದು ಓವರ್‌ಫ್ಲೋ ಆಗಿದ್ದರೆ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತದೆ. ಪ್ಲಗ್ ಒರೆಸಿ ಒಣಗಿಸಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆದರೆ ಹೆಚ್ಚಾದದ್ದು ಹೊರಗೆ ಹೋಗುತ್ತದೆ.

ಎಂಪಿಎಫ್ಐ ಕಾರುಗಳಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸು ಮತ್ತು ರಿಲೇ. ಆದರೆ ಈ ಕಾರುಗಳಲ್ಲಿ ನನಗೆ ಹೆಚ್ಚು ಅನುಮಾನ ಕನೆಕ್ಟರ್‌ಗಳ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದು ಕ್ರ್ಯಾಂಕ್ ಸೆನ್ಸರ್. ಅದರ ಮಾತು ಕೇಳಿಸದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂದಿಷ್ಟೂ ಅಲ್ಲಾಡದಿದ್ದರೆ ಬೆರಳು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಕನೆಕ್ಟರ್ ಕೂತಂತೆ ಕಂಡರೂ ‘ಟಕ್’ ಎಂಬ ಸದ್ದು ಬರುವವರೆಗೆ ಕೂತಿರುವುದಿಲ್ಲ. ಒಳಗಿನ ಪಿನ್ನು ಬಗ್ಗಿರಬಹುದು. ಒಂದೊಂದನ್ನೂ ಬಿಚ್ಚಿ, ಟಾರ್ಚ್ ಹಾಕಿ ನೋಡಿ, ಮತ್ತೆ ಒತ್ತಿ ಕೂರಿಸುವ ತಾಳ್ಮೆ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಕಾರು ನಿಮ್ಮ ಕೀಯನ್ನೇ ಗುರುತಿಸುತ್ತಿಲ್ಲ ಎಂದು ಅರ್ಥ, ಎಂಜಿನ್ನಿನ ತಪ್ಪಲ್ಲ. ಈಚಿನ ಕಾರುಗಳಿಗೆ ಸ್ಟೀರಿಂಗ್ ಕೆಳಗೆ ಸಿಕ್ಕಿಸುವ ಸಣ್ಣ ಸ್ಕ್ಯಾನರ್ ತುಂಬಾ ಉಪಯೋಗಕ್ಕೆ ಬರುತ್ತದೆ. ಇಂಥ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ, ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಸೇರಿದರೆ ಅದು ಹಾಳಾಗುತ್ತದೆ. ಅದರ ಬೆಲೆ ನಿಮ್ಮ ರಿಪೇರಿಗಿಂತ ಹೆಚ್ಚು.

ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರಾಗಿ, ಒಂದೇ ಸಮನೆ ಝುಯ್ಯೆಂದು ತಿರುಗಿದರೆ ಕಂಪ್ರೆಷನ್ ಇಲ್ಲ. ಟ್ಯಾಪೆಟ್ ಅತಿಯಾಗಿ ಬಿಗಿ ಮಾಡಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಹೊಸದಾಗಿ ವಾಲ್ವ್ ಸೆಟ್ ಮಾಡಿದವರಲ್ಲಿ ಇದು ಸಾಮಾನ್ಯ. ಕಂಪ್ರೆಷನ್ ಗೇಜಿನಲ್ಲಿ ಒತ್ತಡ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ. ಏರದಿದ್ದರೆ ವಾಲ್ವು, ಗ್ಯಾಸ್ಕೆಟ್ಟು ಅಥವಾ ಟೈಮಿಂಗು. ಇಲ್ಲಿಗೆ ಬಂದ ಮೇಲೂ ದಾರಿ ಕಾಣದಿದ್ದರೆ ಗ್ಯಾರೇಜಿನವರನ್ನು ಕರೆಯುವುದರಲ್ಲಿ ಅವಮಾನವಿಲ್ಲ. ಏನನ್ನೂ ಮುಚ್ಚಿಡದೆ ಬಿಚ್ಚಿದ್ದೆಲ್ಲವನ್ನೂ ಹೇಳಿ. ಬಿಚ್ಚುವ ಮೊದಲು ಫೋನಿನಲ್ಲಿ ತೆಗೆದ ಫೋಟೊಗಳಿದ್ದರೆ ಅವನ್ನೂ ತೋರಿಸಿ. ಪ್ರತಿ ವೈರಿಗೂ ಪೈಪಿಗೂ ಬಿಳಿ ಟೇಪು ಸುತ್ತಿ ನಂಬರ್ ಬರೆದಿಟ್ಟವರಿಗೆ ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲಿನ ಅಗತ್ಯವೇ ಬೀಳುವುದಿಲ್ಲ.

ಸ್ಟಾರ್ಟ್ ಆಯಿತೆಂದು ಕೂಡಲೇ ಒಂದು ರೌಂಡ್ ಹೋಗಿಬರಲು ಆಸೆಯಾಗುತ್ತದೆ, ತಡೆದುಕೊಳ್ಳಬೇಕು. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಆಫ್ ಮಾಡಿ. ಎಂಜಿನ್ ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ, ನೀರು ಇಳಿದಂತೆ ಕೂಲೆಂಟ್ ತುಂಬುತ್ತಾ ಹೋದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಗ್ಯಾಸ್ಕೆಟ್ ಹಿಡಿದಿಲ್ಲ. ಗುಳ್ಳೆ ನಿಂತ ಕೂಡಲೇ ಮುಚ್ಚಳ ಹಾಕಿಬಿಡಿ. ಬಿಸಿಯೇರಿದ ಮೇಲೆ ಅದನ್ನು ಮುಟ್ಟಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರ್ ಫ್ಯಾನ್ ಒಮ್ಮೆ ತಾನಾಗಿ ತಿರುಗಿ ನಿಲ್ಲುವವರೆಗೆ ಪಕ್ಕದಲ್ಲೇ ನಿಂತು, ಹೆಡ್ಡಿನ ಸುತ್ತ, ಪೆಟ್ರೋಲ್ ಪೈಪಿನ ಕ್ಲಿಪ್ಪುಗಳ ಬಳಿ ಎಲ್ಲಾದರೂ ಒಸರುತ್ತಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಆಮೇಲೆ ಆಫ್ ಮಾಡಿ, ಪೂರ್ತಿ ತಣಿದ ಮೇಲೆ ಆಯಿಲ್ ಕಡ್ಡಿ ಎಳೆದು ಆಯಿಲಿನ ಬಣ್ಣ ನೋಡಿ, ಕೂಲೆಂಟ್ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಿಸಿ. ಮೊದಲ ಓಡಾಟ ಮನೆಯ ಆಸುಪಾಸಿನಲ್ಲೇ ಇರಲಿ. ಡಿಕ್ಕಿಯಲ್ಲಿ ಎರಡು ಬಾಟಲಿ ನೀರು ಮತ್ತು ಬಿಚ್ಚಲು ಬಳಸಿದ್ದ ಸ್ಪ್ಯಾನರ್‌ಗಳನ್ನು ಹಾಕಿಕೊಂಡು ಹೊರಡಿ.